ಮಣಿಕಟ್ಟಿನ ಲೆಕ್ಕ

ಸೋದರಮಾವನ ಟವೆಲಿನ ಒಂದು ಮೂಲೆಯಲ್ಲಿ ಬೀಡಿಯ ಕಿಡಿ ತಾಗಿ ಆದ ತೂತಿತ್ತು, ಹೆಸರುಕಾಳಿನಷ್ಟು. ಟವೆಲ್ ಹಳತಾಗಿ ಹೊಸದು ಬಂದರೂ ಸ್ವಲ್ಪ ದಿನದಲ್ಲೇ ಅದೇ ಮೂಲೆಯಲ್ಲಿ ಅಷ್ಟೇ ಗಾತ್ರದ ತೂತು ಬೀಳುತ್ತಿತ್ತು. ವ್ಯಾಪಾರ ಇನ್ನೂ ನಡೆಯುತ್ತಿದ್ದರೆ ಟವೆಲ್ ಎಡ ಹೆಗಲ ಮೇಲಿರುತ್ತಿತ್ತು, ಕುದುರಿದ ಮೇಲೆ ಬಲ ಹೆಗಲಿಗೆ ಹೋಗುತ್ತಿತ್ತು. ಅತ್ತೆ ಅಡುಗೆಮನೆಯ ಕಿಟಕಿಯಿಂದಲೇ ಗಂಡನ ಹೆಗಲು ನೋಡಿ, ಆ ದಿನದ ಸಾರಿಗೆ ಬೇಳೆ ಎಷ್ಟು ಹಾಕಬೇಕೆಂದು ತೀರ್ಮಾನಿಸುತ್ತಿದ್ದರು.

ಮಾವ ಶಿಡ್ಲಘಟ್ಟದಲ್ಲಿ ರೀಲರ್. ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು ತಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಸಿನೀರಿಗೆ ಹಾಕಿ, ನೂಲು ಬಿಚ್ಚಿಸಿ ಮಾರುವುದು ಅವರ ಕಸುಬು. ಸರ್ಕಾರದ ಗೂಡಿನ ಮಾರುಕಟ್ಟೆಯೊಳಗೆ ಹರಾಜು ಕೂಗಿನಲ್ಲೇ ನಡೆಯುತ್ತಿತ್ತು. ಗೇಟಿನಾಚೆ ಮಾತ್ರ ಹಳಬರು ಹಳೆಯ ಕ್ರಮ ಬಿಟ್ಟಿರಲಿಲ್ಲ. ನೂಲಾಗಲಿ, ಎತ್ತಾಗಲಿ, ಸೈಟಾಗಲಿ, ಹಳೆಯ ಮೋಪೆಡ್ಡಾಗಲಿ, ಕೊಳ್ಳುವವನೂ ಮಾರುವವನೂ ಪಕ್ಕಪಕ್ಕ ಕೂತು, ಕೈಗೆ ಕೈ ಕೊಟ್ಟು, ಮೇಲೆ ಟವೆಲ್ ಹೊದಿಸುತ್ತಿದ್ದರು. ಎಷ್ಟು ಬೆರಳು ಒತ್ತಿದರೆ ಅಷ್ಟು. ಐದೂ ಬೆರಳು ಒತ್ತಿ ಮತ್ತೆ ಎರಡು ಒತ್ತಿದರೆ ಏಳು. ಅದು ನೂರೋ ಸಾವಿರವೋ ಎಂಬುದು ಸರಕು ನೋಡಿದವನಿಗೆ ಗೊತ್ತಿರಬೇಕು. ಅಂಗೈಗೆ ಅಂಗೈ ಒತ್ತಿದರೆ ಒಪ್ಪಿಗೆ. ಕೈ ಹಿಂದಕ್ಕೆಳೆದುಕೊಂಡರೆ ಮುರಿಯಿತು. ಈ ಹೊತ್ತಿನಲ್ಲಿ ಬಾಯಿ ಬಿಡುವಂತಿಲ್ಲ. ಸುತ್ತ ಇರುವವರು ಟವೆಲಿನ ಕಡೆ ನೋಡುವಂತಿಲ್ಲ. ಅವರು ಮಳೆಯ ವಿಷಯ ಮಾತಾಡಬೇಕು. ಟವೆಲಿನ ಅಡಿಯ ಬೆಲೆಯನ್ನು ಆಮೇಲೆ ಯಾರೂ ಬಾಯಲ್ಲಿ ಹೇಳುವುದಿಲ್ಲ. ಬಾಯಲ್ಲಿ ಹೇಳಿದ ಬೆಲೆಯನ್ನು ಯಾರೂ ನಂಬುವುದಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಮಾವ ನನಗೆ ಇದನ್ನು ಕಲಿಸಿದ್ದರು, ತೆಲುಗಿನಲ್ಲಿ, ಒಕಟಿ, ರೆಂಡು, ಮೂಡು ಎಂದು ಎಣಿಸಿಕೊಂಡು. ಹೆಣ್ಣುಮಕ್ಕಳಿಗೆ ಇದರಿಂದ ಉಪಯೋಗವಿಲ್ಲ ಎಂದೂ ಹೇಳಿದ್ದರು. ಮುಂದೆ ನಾನು ಬೆಂಗಳೂರಿನಲ್ಲಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಬೆಲೆ ಹೇಗೆ ನಿಗದಿಯಾಗುತ್ತದೆ ಎಂಬುದಕ್ಕೆ ಅಲ್ಲಿ ಒಂದು ಇಡೀ ಪೇಪರ್ ಇತ್ತು. ಟವೆಲಿನ ಪ್ರಸ್ತಾಪ ಅದರಲ್ಲಿ ಬರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಗಂಡು ಹುಡುಕುತ್ತಿದ್ದರು. ಅಪ್ಪ ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಗಂಡಿನ ಸಂಬಳ ಕೇಳುವುದು ಅಸಭ್ಯ ಎಂದು ಅವರ ಅಭಿಪ್ರಾಯ. ತಿಳಿಯದೆ ಹೆಣ್ಣು ಕೊಡುವುದು ಮೂರ್ಖತನ ಎಂಬುದೂ ಅವರದೇ ಅಭಿಪ್ರಾಯ. ಆದ್ದರಿಂದ ಆ ಒಂದು ವಿಷಯವನ್ನು ಮಾವನಿಗೆ ಬಿಟ್ಟಿದ್ದರು. ಮಾವ ಸರಿ ಎಂದರೆ ಸರಿ.

ಕೊನೆಗೆ ಎರಡು ಸಂಬಂಧ ಉಳಿದವು, ಇಬ್ಬರೂ ಡಾಕ್ಟರು. ಚಿಂತಾಮಣಿಯವರದು ಸ್ವಂತ ಕ್ಲಿನಿಕ್ಕು, ಕೆಳಗೆ ಅವರದೇ ಔಷಧಿ ಅಂಗಡಿ. ಅವರ ಸಂಪಾದನೆ ತಿಳಿಯಲು ಮಾವ ಕ್ಲಿನಿಕ್ಕಿನ ಎದುರಿನ ಹೋಟೆಲಿನಲ್ಲಿ ಕೂತು ಟೀ ಕುಡಿಯುತ್ತ ಬಾಗಿಲ ಬಳಿಯ ಚಪ್ಪಲಿ ನೋಡಿ ಬಂದರು. ತೃಪ್ತಿಯಾಗುವಷ್ಟು ಚಪ್ಪಲಿಗಳಿದ್ದವು. ಆ ಡಾಕ್ಟರು ನನ್ನನ್ನು ನೋಡಲು ಬಂದಾಗ ಕೇಳಿದ ಪ್ರಶ್ನೆ ಒಂದೇ: ಅಂಗಡಿಯ ಕ್ಯಾಶ್‌ನಲ್ಲಿ ಕೂರಲು ಬರುತ್ತದೆಯೇ ಎಂದು.

ನನಗೆ ಮದುವೆಯ ಬಗ್ಗೆ ಹೆಚ್ಚು ಅಭಿಪ್ರಾಯಗಳಿರಲಿಲ್ಲ. ಚಿಂತಾಮಣಿ ಬೇಡ ಎಂಬ ಒಂದು ಅಭಿಪ್ರಾಯವಿತ್ತು. ಅದನ್ನು ಹೇಳಿದೆ. ಕಾರಣ ಕೇಳಿದರು. ಕ್ಯಾಶ್ ಎಂದೆ. ಅದು ಕಾರಣವಲ್ಲ ಎಂದು ತೀರ್ಮಾನವಾಯಿತು.

ಇನ್ನೊಬ್ಬರು ಗೌರಿಬಿದನೂರಿನ ಕಡೆಯವರು, ತಂದೆ ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರು. ಮಗ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ಡಾಕ್ಟರು. ಅವರ ಸಂಪಾದನೆ ಎಷ್ಟಿರಬಹುದೆಂದು ನಮ್ಮ ಕಡೆ ಯಾರಿಗೂ ತಿಳಿಯದು. ನಮ್ಮ ಮನೆಗಳಲ್ಲಿ ಆ ಕಾಯಿಲೆಯ ಹೆಸರನ್ನೇ ಎತ್ತುತ್ತಿರಲಿಲ್ಲ, ಇನ್ನು ಅದರ ಡಾಕ್ಟರ ಸಂಬಳ ಎಲ್ಲಿಂದ ಎತ್ತುವುದು.

"ದೊಡ್ ಕಾಯ್ಲೆ ಭಾವ," ಎಂದರು ಮಾವ ಒಂದು ದಿನ ಊಟಕ್ಕೆ ಕೂತಾಗ, ಅಪ್ಪನಿಗೆ. "ದೊಡ್ ಕಾಯ್ಲೆಗೆ ದೊಡ್ ಸಂಬ್ಳಾನೇ ಇರ್ತದೆ."

"ಸರ್ಕಾರ ಕಾಯ್ಲೆ ನೋಡಿ ಸಂಬ್ಳ ಕೊಡುತ್ತೇನಪ್ಪ?"

"ಮತ್ತೆ? ಒಳ್ಳೆ ಗೂಡಿಗೂ ಜೊಳ್ಳು ಗೂಡಿಗೂ ಒಂದೇ ರೇಟಾ?"

"ಅಷ್ಟೊಂದು ಕಾಯ್ಲೆ ಇರೋವಾಗ ಅದನ್ನೇ ಯಾಕೆ ಓದ್ದ ಆ ಹುಡ್ಗ," ಎಂದರು ಅಮ್ಮ. "ಕಣ್ಣು ಓದ್ಬೋದಿತ್ತು. ಹಲ್ಲು ಓದ್ಬೋದಿತ್ತು."

ಅಪ್ಪ ತಮಗೆ ಪರಿಚಯದ ಚಿಕ್ಕಬಳ್ಳಾಪುರದ ಡಾಕ್ಟರೊಬ್ಬರನ್ನು ವಿಚಾರಿಸಿದರು, ಬೇರೆ ಯಾರದೋ ವಿಷಯ ಎಂಬಂತೆ. ಅವರು, "ಅದು ಹಂಗೆಲ್ಲ ಹೇಳೋಕಾಗಲ್ಲ ಮೇಷ್ಟ್ರೇ. ಕೊಯ್ಯೋರಾ, ಕರೆಂಟ್ ಇಡೋರಾ?" ಎಂದು ಕೇಳಿದರಂತೆ. ಯಂತ್ರದ ಕಿರಣ ಬಿಟ್ಟು ಗಡ್ಡೆ ಸುಡುವುದನ್ನು ಜನ ಕರೆಂಟ್ ಇಡುವುದು ಎನ್ನುತ್ತಿದ್ದರು. ಗೌರಿಬಿದನೂರಿನವರು ಕರೆಂಟ್ ಇಡುವವರು ಎಂದು ತಿಳಿದುಬಂತು.

"ನಮ್ಮೂರಲ್ಲಿ ಕರೆಂಟೇ ಇರಲ್ಲ," ಎಂದರು ಮಾವ. "ನಾಳೆ ಇಲ್ಲಿಗೆ ಬಂದ್ ಕೂತ್ರೆ ಏನ್ ಮಾಡ್ತಾನೆ?"

ಆದರೂ ಮಾವ ಬೆಂಗಳೂರಿಗೆ ಹೋಗಿ ಆ ಆಸ್ಪತ್ರೆಯ ಎದುರೂ ಟೀ ಕುಡಿದು ಬಂದರು. ಚಪ್ಪಲಿ ಲೆಕ್ಕ ಸಿಗಲಿಲ್ಲ. "ಅಲ್ಲಿ ಬಂದೋರು ಹೋಗೋದೇ ಇಲ್ಲ ಭಾವ. ವರಾಂಡದಲ್ಲೇ ಚಾಪೆ ಹಾಸ್ಕಂಡವ್ರೆ. ಯಾವ ಚಪ್ಪಲಿ ಯಾವ ಡಾಕ್ಟ್ರುದು ಅಂತ ಹೇಳೋದು?"

ಉಳಿದದ್ದು ಟವೆಲ್ ಒಂದೇ. ಗೌರಿಬಿದನೂರಿನವರು ಹೆಣ್ಣು ನೋಡಲು ಶಿಡ್ಲಘಟ್ಟದ ಮಾವನ ಮನೆಗೇ ಬರುವುದೆಂದಾಯಿತು. ಅವರ ಸಂಪಾದನೆ ಚಿಂತಾಮಣಿಯವರಷ್ಟಿದ್ದರೆ ಅವರು, ಇಲ್ಲದಿದ್ದರೆ ಚಿಂತಾಮಣಿ. ಮರುದಿನ ಮಧ್ಯಾಹ್ನ ಫೋನ್ ಮಾಡಿ ಉತ್ತರ ಹೇಳುತ್ತೇನೆಂದು ಅಪ್ಪ ಚಿಂತಾಮಣಿಯವರಿಗೆ ಮಾತು ಕೊಟ್ಟಿದ್ದರು.

ತಂದೆ ಮಗ ಇಬ್ಬರೇ ಬಂದರು. ಮಾವನ ಮನೆಗೆ ಹೊರಗಿನವರು ಕಾಲಿಟ್ಟರೆ ಮೊದಲು ಕರ್ಚೀಫು ತೆಗೆಯುತ್ತಾರೆ, ಹಿಂದಿನ ಶೆಡ್ಡಿನಿಂದ ಬೇಯುವ ಹುಳುಗಳ ವಾಸನೆ ಬರುತ್ತಿರುತ್ತದೆ. ತಂದೆ ತೆಗೆದರು. ಮಗ ತೆಗೆಯಲಿಲ್ಲ. ನಾನು ಕೇಸರಿಬಾತ್ ತಂದಿಟ್ಟೆ. ಹುಡುಗ ನನ್ನನ್ನು ಒಮ್ಮೆ ನೋಡಿ, ಮತ್ತೆ ನೋಡುವುದು ಸರಿಯೋ ತಪ್ಪೋ ಎಂದು ಯೋಚಿಸುವವರಂತೆ ತಟ್ಟೆ ನೋಡಿದರು.

ತಿಂಡಿ ಮುಗಿದ ಮೇಲೆ ಮಾವ ಎದ್ದು ಹೋಗಿ ಹುಡುಗನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. ಎಡ ಹೆಗಲಿನಿಂದ ಟವೆಲ್ ತೆಗೆದು ಇಬ್ಬರ ತೊಡೆಯ ಮೇಲೆ ಹಾಸಿದರು. ಅದರಡಿ ಹುಡುಗನ ಕೈಗೆ ತಮ್ಮ ಕೈ ಕೊಟ್ಟರು. ಅಪ್ಪ ತಕ್ಷಣ ಹುಡುಗನ ತಂದೆಯ ಕಡೆ ತಿರುಗಿ, ಗೌರಿಬಿದನೂರಿನ ಕಡೆ ಮಳೆ ಹೇಗೆ ಎಂದು ಕೇಳಿದರು. ಅಮ್ಮನೂ ಅತ್ತೆಯೂ ಮಳೆಯ ವಿಷಯಕ್ಕೆ ಸೇರಿಕೊಂಡರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಜೀವನ ಕಳೆದ ಆ ತಂದೆಗೆ ನಮ್ಮವರು ಇದ್ದಕ್ಕಿದ್ದಂತೆ ಮಳೆಯಲ್ಲಿ ಇಷ್ಟು ಆಸಕ್ತಿ ತೋರಿದ್ದು ವಿಚಿತ್ರವೆನಿಸಿರಬೇಕು. ಆದರೂ ಅವರು ವಿವರವಾಗಿ ಉತ್ತರ ಹೇಳಿದರು.

ನಾನು ಬಾಗಿಲ ಬಳಿ ನಿಂತಿದ್ದೆ. ನೋಡುವಂತಿಲ್ಲ ಎಂಬುದು ಗೊತ್ತಿದ್ದೂ ನೋಡಿದೆ. ಹುಡುಗ ಮೊದಲು ಮಾವನ ಮುಖ ನೋಡಿದರು, ಆಮೇಲೆ ಜಂತೆಯ ಕಡೆ ಕಣ್ಣು ನೆಟ್ಟರು. ಟವೆಲ್ ಮೆಲ್ಲಗೆ ಅಲುಗಾಡಿತು, ನಿಂತಿತು, ಮತ್ತೆ ಅಲುಗಾಡಿತು. ಸಾಮಾನ್ಯ ವ್ಯಾಪಾರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮಾವನ ಮುಖದಲ್ಲಿ ಏನೂ ಕಾಣಲಿಲ್ಲ, ಮೂವತ್ತು ವರ್ಷದ ಅಭ್ಯಾಸ. ಕೊನೆಗೆ ಅವರು ಕೈ ತೆಗೆದು ಟವೆಲನ್ನು ಕೊಡವಿ ಬಲ ಹೆಗಲಿಗೆ ಹಾಕಿಕೊಂಡರು. ಅತ್ತೆ ಒಳಗೆ ಹೋಗಿ ಇನ್ನೊಂದು ಹಿಡಿ ಬೇಳೆ ತೆಗೆದರು.

"ಓದಿರೋ ಹುಡ್ಗಿ," ಎಂದರು ಮಾವ, ಯಾರೂ ಕೇಳದೆಯೇ. "ಇಬ್ರೂ ಒಂದ್ ಮಾತಾಡ್ಲಿ ಬಿಡಿ. ಹಿಂದ್ಗಡೆ ಕಲ್ಬೆಂಚೈತೆ."

ಹಿಂದುಗಡೆ ಕಲ್ಲುಬೆಂಚಿನ ಪಕ್ಕ ಆಯ್ದು ಹಾಕಿದ ಗೂಡಿನ ರಾಶಿ ಇತ್ತು. ಅವರು ಕೂರಲಿಲ್ಲ. ಮೊದಲ ಮಾತೇ ಹೀಗಿತ್ತು:

"ನಿಮ್ಮ ಮಾವನಿಗೆ ಗಾಬರಿ ಬೇಡ ಅಂತ ಹೇಳಿ. ಗಂಟು ಏನೂ ಇಲ್ಲ."

"ಯಾವ ಗಂಟು?"

"ಕೈ ತೋರಿಸಿದ್ರಲ್ಲ. ಎಲ್ಲರ ಮುಂದೆ ಸಂಕೋಚ ಅಂತ ಟವೆಲ್ ಮುಚ್ಚಿಕೊಂಡು. ನಾನು ಹೋದ ಮನೆಯಲ್ಲೆಲ್ಲ ಹೀಗೇ. ಹಿಂದೆ ಒಂದು ಮನೆಗೆ ಹೆಣ್ಣು ನೋಡೋಕೆ ಹೋದಾಗ ಹುಡುಗಿಯ ಅಜ್ಜಿ ಒಳಗೆ ಕರೆದು ಬೆನ್ನು ತೋರಿಸಿದ್ರು." ಸ್ವಲ್ಪ ಯೋಚಿಸಿ ಹೇಳಿದರು, "ಚರ್ಮ ಬೆಂದು ದಪ್ಪ ಆಗಿದೆ, ಅಷ್ಟೆ. ಬಿಸಿನೀರಿನ ಕೆಲಸ ಅಲ್ವಾ. ಮಲಗೋವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲಿ."

ಟವೆಲ್ ಏನೆಂದು ನಾನು ವಿವರಿಸಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

"ಹಾಗಾದ್ರೆ ನಾನು ಎಷ್ಟು ಹೇಳಿದೆ?"

"ಎಷ್ಟು ಬೆರಳು ಒತ್ತಿದ್ರಿ?"

"ಎಲ್ಲಾ."

"ಒಂದು ಸಲವಾ?"

"ಎರಡು ಸಲ. ಮೇಲಿಂದ ಒಂದು ಸಲ, ಪಕ್ಕದಿಂದ ಒಂದು ಸಲ. ಹಾಗೇ ನೋಡಬೇಕು."

"ಅಂಗೈ?"

"ಅಂಗೈಯನ್ನೂ ಒತ್ತಿದೆ. ಕೊನೆಗೆ ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಜೋರಾಗಿ ಹೊಡೀತಿತ್ತು."

ಹತ್ತು ಸಾವಿರ, ಒಪ್ಪಿಗೆ, ಅದರ ಮೇಲೆ ಮಣಿಕಟ್ಟು. ಆ ಕಾಲಕ್ಕೆ ನಮ್ಮ ಮೂರು ಊರುಗಳಲ್ಲಿ ಅಷ್ಟು ಸಂಬಳದವರು ಯಾರೂ ನನಗೆ ಗೊತ್ತಿರಲಿಲ್ಲ. ನಾಡಿ ಏಕೆ ಜೋರಾಗಿ ಹೊಡೆಯಿತೆಂಬುದು ಅರ್ಥವಾಯಿತು.

"ನಿಜವಾಗಿ ಎಷ್ಟು?" ಎಂದು ಕೇಳಿದೆ.

ಅವರು ಹೇಳಿದರು. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪನ ಸಂಬಳಕ್ಕಿಂತ ಸ್ವಲ್ಪ ಮೇಲೆ, ಚಿಂತಾಮಣಿಯ ಚಪ್ಪಲಿಗಳಿಗಿಂತ ಬಹಳ ಕೆಳಗೆ. ನಾನು ಒಂದು ಅಂಕಿ ಕೇಳಿದೆ, ಅವರು ಒಂದು ಅಂಕಿ ಹೇಳಿದರು, ಹಿಂದೆ ಮುಂದೆ ಏನೂ ಸೇರಿಸಲಿಲ್ಲ. ಮದುವೆಯ ಬಗ್ಗೆ ನನ್ನ ಅಭಿಪ್ರಾಯಗಳು ಆಗ ಎರಡಾದವು.

ದೊಡ್ಡ ಕಾಯಿಲೆಗೆ ದೊಡ್ಡ ಸಂಬಳವಿಲ್ಲವೇ ಎಂದು ಕೇಳಿದೆ, ಮಾವನ ಪರವಾಗಿ. ಸರ್ಕಾರದ ವೇತನಶ್ರೇಣಿಗೆ ಕಾಯಿಲೆ ಗೊತ್ತಿಲ್ಲ ಎಂದರು. ನೆಗಡಿಗೆ ಔಷಧಿ ಬರೆಯುವವರಿಗೂ ತಮಗೂ ಅದು ಒಂದೇ. ಅದಕ್ಕೆ ಗೊತ್ತಿರುವುದು ಡಿಗ್ರಿ ಮತ್ತು ಸೇವೆಯ ವರ್ಷಗಳು. ಮೇಲಿನ ಹುದ್ದೆ ಖಾಲಿಯಾಗಬೇಕಾದರೆ ಅಲ್ಲಿರುವವರು ನಿವೃತ್ತರಾಗಬೇಕು, ಅವರ ಆರೋಗ್ಯ ಚೆನ್ನಾಗಿದೆ. ಹೊರಗೆ ಪ್ರಾಕ್ಟೀಸ್ ಮಾಡುವಂತಿಲ್ಲ. ಮಾಡದೇ ಇರುವುದಕ್ಕೆ ಒಂದು ಭತ್ಯೆ ಉಂಟು, ಅದನ್ನು ನೋಡಿದರೆ ಮಾಡಬೇಕೆನಿಸುತ್ತದೆ.

"ಖಾಸಗಿಗೆ ಹೋದರೆ?"

"ಕೊಯ್ಯೋರಿಗೆ ಆಪರೇಷನ್ ಲೆಕ್ಕದಲ್ಲಿ ಕೊಡ್ತಾರೆ. ನಮಗೆ ಯಂತ್ರ ಬೇಕು. ಯಂತ್ರ ಯಾರದೋ ದುಡ್ಡು ಅವರದು. ನಾನೇ ಕೊಳ್ಳೋಣ ಅಂದ್ರೆ, ನಿಮ್ಮೂರಿನ ಶೆಡ್ಡುಗಳನ್ನೆಲ್ಲ ಮಾರಿದರೂ ಬರುತ್ತೋ ಇಲ್ವೋ. ಕ್ಲಿನಿಕ್ ಹಾಕಿ ಬೋರ್ಡ್ ಬರೆಸಿದರೆ ಒಳಗೆ ಕೂತು ಏನು ಮಾಡಲಿ?" ರಾಶಿಯಿಂದ ಒಂದು ಗೂಡು ತೆಗೆದು ಬೆರಳ ಮಧ್ಯೆ ಒತ್ತಿ ನೋಡಿದರು. ಅವರ ಕೈಗೆ ಅದೇ ಅಭ್ಯಾಸ. "ಇನ್ನೊಂದು ಇದೆ. ಜ್ವರದ ಡಾಕ್ಟರ ಹತ್ತಿರ ವಾಸಿಯಾದವರು ಪಕ್ಕದ ಮನೆಯವರಿಗೂ ಹೇಳ್ತಾರೆ. ನಮ್ಮ ಹತ್ತಿರ ವಾಸಿಯಾದವರು ದಾರಿಯಲ್ಲಿ ಸಿಕ್ಕಿದರೆ ಆ ಕಡೆ ತಿರುಗಿ ಹೋಗ್ತಾರೆ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿರ್ತಾರಲ್ಲ, ಕಾಯಿಲೆ ಇತ್ತು ಅಂತ ತಿಳಿದರೆ ಕಷ್ಟ. ನಾನು ತಪ್ಪು ತಿಳಿಯಲ್ಲ. ಹೆಸರು ಬರದೆ ಇರೋದೇ ಕೆಲಸ ಆಗಿದೆ ಅನ್ನೋದಕ್ಕೆ ಗುರುತು."

ಆಮೇಲೆ ಒಳಗೆ ಹೋಗಿ ಈಗಲೇ ಸರಿಪಡಿಸಿಬಿಡುತ್ತೇನೆಂದು ಹೊರಟರು.

"ಬಾಯಲ್ಲಿ ಹೇಳಿದ್ರೆ ಮಾವ ನಂಬಲ್ಲ," ಎಂದೆ. "ಎಲ್ಲರ ಮುಂದೆ ಹೇಳಿದ್ರೆ ಅವರಿಗೆ ಅವಮಾನ. ಕೈ ಓದೋದು ಅವರ ಕಸುಬು."

"ಮತ್ತೆ ಟವೆಲ್ ಕೆಳಗೆ?"

"ನೀವು ಮತ್ತೆ ಗಂಟು ಹುಡುಕ್ತೀರಿ. ನಾನು ಹೇಳ್ತೀನಿ."

"ಹೇಳಿದ ಮೇಲೆ ಬೇಡ ಅಂದ್ರೆ?"

"ಚಿಂತಾಮಣಿ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ವಿವರಿಸುವಷ್ಟು ಸಮಯವಿರಲಿಲ್ಲ, ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಕೆಮ್ಮಿದರು.

ಅವರು ಹೊರಟುಹೋದ ಮೇಲೆ ಮಾವ ನಡುಮನೆಯಲ್ಲಿ ಕಾಲು ಚಾಚಿ ಕೂತರು. "ಲೆಕ್ಕ ಹೇಳೋ ಹಂಗಿಲ್ಲ ಭಾವ. ಚಿಂತಾಮಣಿ ಮರ್ತ್‌ಬಿಡಿ. ಬೆರಳು ಸಾಲ್ದೆ ಮಣಿಕಟ್ಟಿಗೆ ಹೋದ."

"ಮಣಿಕಟ್ಟು ಅಂದ್ರೆ ಎಷ್ಟಪ್ಪ?" ಎಂದರು ಅಪ್ಪ, ಅಸಭ್ಯತೆಯ ಗಡಿಯಲ್ಲಿ ನಿಂತು.

"ನಮ್ಮಲ್ಲಿಲ್ಲ ಅದು. ಬೆಂಗ್ಳೂರಲ್ಲಿ ಇದ್ದಾತು. ಅವರ ವ್ಯಾಪಾರ ದೊಡ್ದು."

ನಾನು ಅಲ್ಲೇ ಗೂಡು ಆಯುತ್ತಿದ್ದೆ. "ಮಾವ, ಅವರ ಸಂಬಳ ನಂಗೆ ಹೇಳಿದಾರೆ," ಎಂದೆ.

"ಬಾಯಲ್ಲಾ?"

"ಹೂಂ."

"ಬಾಯಲ್ಲಿ ಎಲ್ರೂ ಕಮ್ಮೀನೇ ಹೇಳೋದು ಕಣಮ್ಮ. ಇನ್‌ಕಂ ಟ್ಯಾಕ್ಸ್ ಇರ್ತದಲ್ಲ."

ಎಲ್ಲರೂ ಒಪ್ಪಿದರು. ಗಂಟಿನ ವಿಷಯವನ್ನು ಅಷ್ಟು ಜನರ ಮುಂದೆ ಎತ್ತುವುದು ನನಗೆ ಸರಿಕಾಣಲಿಲ್ಲ. ಸುಮ್ಮನಿದ್ದರೆ ನಾಳೆ ಮಧ್ಯಾಹ್ನ ಚಿಂತಾಮಣಿಗೆ ಬೇಡ ಎಂಬ ಉತ್ತರ ಹೋಗುತ್ತಿತ್ತು, ನಾನು ಬಯಸಿದ್ದು ಆಗುತ್ತಿತ್ತು. ಆದರೆ ಮದುವೆಯಾಗಿ ಮೊದಲ ಹಬ್ಬಕ್ಕೆ ಬಂದ ಅಳಿಯನ ಕೈಯ ಚೀಲವನ್ನು ಮಾವ ಮಣಿಕಟ್ಟಿನ ಲೆಕ್ಕದಲ್ಲಿ ತೂಗುತ್ತಿದ್ದರು. ಎರಡನೆಯ ಹಬ್ಬಕ್ಕೂ ತೂಗುತ್ತಿದ್ದರು. ಕೇಳಿದ ಅಂಕಿಗೆ ಸರಿಯಾದ ಅಂಕಿ ಹೇಳುವ ಒಬ್ಬ ಮನುಷ್ಯ ನಮ್ಮ ಮನೆಯಲ್ಲಿ ಜೀವನಪೂರ್ತಿ ಸುಳ್ಳುಗಾರನಾಗಿ ಉಳಿಯುತ್ತಿದ್ದ, ತಾನು ಹೇಳದ ಸುಳ್ಳಿಗೆ. ಆ ವಿಷಯದಲ್ಲಿ ನನಗೆ ಮೂರನೆಯ ಅಭಿಪ್ರಾಯವೊಂದು ಹುಟ್ಟಿತು.

ಆ ರಾತ್ರಿ ನಾವು ಮಾವನ ಮನೆಯಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ತಲೆ ಬಾಚಿಕೊಂಡು ಗೂಡಿನ ಮಾರುಕಟ್ಟೆಯ ಕಡೆ ನಡೆದೆ. ಅಂಗಡಿಗೆ ಎಂದು ಅಮ್ಮನಿಗೆ ಹೇಳಿದೆ. ಗೇಟಿನಾಚೆಯ ಟೀ ಅಂಗಡಿಯೂ ಅಂಗಡಿಯೇ. ಹರಾಜು ಇನ್ನೂ ಶುರುವಾಗಿರಲಿಲ್ಲ. ಮಾವ ಅಲ್ಲಿ ಬೆಂಚಿನ ಮೇಲೆ ಕೂತು, ರೈತನೊಬ್ಬನ ಚೀಲದಿಂದ ತೆಗೆದ ಗೂಡನ್ನು ಕಿವಿಯ ಹತ್ತಿರ ಅಲುಗಾಡಿಸಿ ಕೇಳುತ್ತಿದ್ದರು. ಹೊಸ ದಿನದ ವ್ಯಾಪಾರ, ಟವೆಲ್ ಮತ್ತೆ ಎಡ ಹೆಗಲಿಗೆ ಬಂದಿತ್ತು. ಪಕ್ಕದಲ್ಲಿ ಹಳೆಯ ರೀಲರ್ ಸಾಹೇಬರೊಬ್ಬರು ಟೀ ಆರಿಸಿಕೊಳ್ಳುತ್ತಿದ್ದರು.

"ಏನಮ್ಮ ಇಲ್ಲಿ?" ಎಂದರು ಮಾವ.

ನಾನು ಪಕ್ಕದಲ್ಲಿ ಕೂತು ಅವರ ಹೆಗಲಿನಿಂದ ಟವೆಲ್ ತೆಗೆದುಕೊಂಡೆ. ಇಬ್ಬರ ಕೈಗಳ ಮೇಲೆ ಹೊದಿಸಿದೆ. ಆ ಬೆಂಚಿನ ಮೇಲೆ ಹೆಂಗಸೊಬ್ಬಳು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ, ಮಾವನೂ ನೋಡಿರಲಾರರು. ಸಾಹೇಬರು ನಮ್ಮನ್ನೊಮ್ಮೆ ನೋಡಿ, ಮುಖ ತಿರುಗಿಸಿ ರೈತನಿಗೆ ಹೇಳಿದರು: "ಈ ಸಲ ಮಳೆ ಹೆಂಗೈತಪ್ಪ ನಿಮ್ ಕಡೆ?"

ಟವೆಲಿನ ಅಡಿ ಮಾವನ ಕೈ ಮರದ ತುಂಡಿನಂತೆ ಗಟ್ಟಿಯಾಗಿತ್ತು. ನಾನು ಅಂಕಿಯನ್ನು ಒತ್ತಿದೆ. ಅವರು ಅಲುಗಾಡಲಿಲ್ಲ. ಮೆಲ್ಲಗೆ ನನ್ನ ಇನ್ನೊಂದು ಬೆರಳು ಒತ್ತಿದರು: ಮೇಲೆ ಹೋಗು. ನಾನು ಅದೇ ಅಂಕಿಯನ್ನು ಮತ್ತೆ ಒತ್ತಿದೆ. ಅವರು ಮತ್ತೆ ಕೇಳಿದರು, ನಾನು ಮತ್ತೆ ಅದನ್ನೇ ಒತ್ತಿದೆ. ಮೂರನೆಯ ಸಲವೂ ಅದೇ ಬಂದರೆ ಅದೇ ಬೆಲೆ ಎಂದು ಅವರೇ ನನಗೆ ಕಲಿಸಿದ್ದರು.

"ಮಣಿಕಟ್ಟು?" ಎಂದರು, ತುಟಿ ಅಲುಗಾಡದಂತೆ.

"ನಾಡಿ ನೋಡಿದ್ದು ಮಾವ. ಬೆರಳಲ್ಲಿ ಗಂಟು ಇದೆಯಾ ಅಂತ ನೋಡಿದ್ರು. ಇಲ್ವಂತೆ. ಮಲಗೋವಾಗ ಕೊಬ್ಬರಿ ಎಣ್ಣೆ ಹಚ್ಕೋಬೇಕಂತೆ."

ಮಾವ ಮಾರುಕಟ್ಟೆಯ ಗೇಟಿನ ಕಡೆ ತಿರುಗಿದರು. ಸಾಹೇಬರೂ ರೈತನೂ ಈ ವರ್ಷದ ಮಳೆ ಮುಗಿಸಿ ಹೋದ ವರ್ಷದ ಮಳೆಗೆ ಬಂದಿದ್ದರು. ಕೈ ಹಿಂದಕ್ಕೆಳೆದುಕೊಂಡರೆ ಮುಗಿಯಿತು, ಮಧ್ಯಾಹ್ನದ ಫೋನಿನಲ್ಲಿ ಚಿಂತಾಮಣಿಗೆ ಹೂಂ ಎಂಬ ಉತ್ತರ ಹೋಗುತ್ತದೆ. ಮಾವ ಎಳೆದುಕೊಳ್ಳಲಿಲ್ಲ.

"ಗಂಟಿಲ್ಲ ಅಂದ್ನಾ?" ಎಂದರು ಕೊನೆಗೆ. "ಆರ್ ತಿಂಗ್ಳಿಂದ ಭಯ ಇತ್ತು ಕಣಮ್ಮ. ಯಾರ್ಗೂ ಹೇಳಿರ್ಲಿಲ್ಲ."

ನಾನು ನನ್ನ ಅಂಗೈಯನ್ನು ಅವರ ಅಂಗೈಗೆ ಒತ್ತಿ ಹಿಡಿದೆ. ಅವರ ಕೈ ತಿರುಗಿ ಒತ್ತಿತು. ಆಮೇಲೆ ಟವೆಲನ್ನು ತೆಗೆದು, ಸುಟ್ಟ ತೂತು ಒಳಗೆ ಹೋಗುವಂತೆ ಮಡಿಸಿ, ಅವರ ಬಲ ಹೆಗಲಿಗೆ ಹಾಕಿದೆ.